ಗಾಲಿ ಎಣಿಸುವ ಮೀಟರ್

ಬಿಸಿಲೇರುವ ಮೊದಲೇ ಇಬ್ಬರು ಗೆಳೆಯರು ಸೇಡಂನಿಂದ ಸೈಕಲ್ ಮೇಲೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬನದು ಅಪ್ಪನ ಕಾಲದ ಕರಿ ಸೈಕಲ್. ಇನ್ನೊಬ್ಬನದು ದಪ್ಪ ಟೈರಿನ ಹೊಸ ಗೇರ್ ಸೈಕಲ್. ಇಬ್ಬರ ಹ್ಯಾಂಡಲ್ ಮೇಲೂ ಒಂದೇ ಕಂಪನಿಯ, ಒಂದೇ ಮಾದರಿಯ ಸೈಕಲ್ ಮೀಟರ್ ಇದೆ. ಮಳಖೇಡ, ಚಿತ್ತಾಪುರ, ವಾಡಿ ಹಾದು ಶಹಾಬಾದ್ ಕಡೆಗೆ ಅಕ್ಕಪಕ್ಕದಲ್ಲೇ ತುಳಿಯುತ್ತಾರೆ. ಸರಿಯಾಗಿ 50 ಕಿಲೋಮೀಟರ್ ಆದ ಜಾಗದಲ್ಲಿ ಚಹಾಕ್ಕೆ ನಿಲ್ಲುತ್ತಾರೆ.

‘ನಂದು ನಲವತ್ತಾರೂ ಮುಕ್ಕಾಲು ತೋರಸ್ಲತ್ತದ. ನಿಂದೆಷ್ಟು?’

‘ಐವತ್ತೊಂದು!’

ಹೊರಟ ಜಾಗ ಒಂದೇ, ರಸ್ತೆ ಒಂದೇ, ಮೀಟರೂ ಒಂದೇ. ಆದರೂ ನಾಲ್ಕು ಕಿಲೋಮೀಟರಿಗೂ ಹೆಚ್ಚಿನ ಅಂತರ. ಇಂಥ ಅನುಭವವಾದವರು ಸಾಮಾನ್ಯವಾಗಿ ಮೀಟರ್ ಕೆಟ್ಟಿದೆ ಎಂದುಕೊಂಡು ಹೆಚ್ಚು ಬೆಲೆಯ ಇನ್ನೊಂದನ್ನು ಹುಡುಕುತ್ತಾರೆ. ಹಾಗೆ ಹುಡುಕಬೇಕಾಗಿಲ್ಲ. ಎರಡೂ ಮೀಟರುಗಳು ತಮ್ಮ ಕೆಲಸವನ್ನು ಒಂದಿಷ್ಟೂ ತಪ್ಪದೆ ಮಾಡಿವೆ. ಆ ಕೆಲಸ ಏನೆಂದು ತಿಳಿದುಕೊಂಡರೆ ಯಾವ ಮೀಟರ್ ಕೊಳ್ಳಬೇಕು, ಕೊಂಡ ಮೇಲೆ ಏನು ಮಾಡಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಅದಕ್ಕೆ ಗೊತ್ತಿರುವ ಒಂದೇ ಸಂಗತಿ

ಮೂಲ ಬಗೆಯ ಸೈಕಲ್ ಮೀಟರಿನಲ್ಲಿ ಮೂರೇ ಭಾಗ. ಮುಂದಿನ ಗಾಲಿಯ ಒಂದು ಕಡ್ಡಿಗೆ ಕಟ್ಟಿದ ಚಿಕ್ಕ ಅಯಸ್ಕಾಂತ. ಫೋರ್ಕಿಗೆ ಬಿಗಿದ ಸಂವೇದಕ. ಹ್ಯಾಂಡಲ್ ಮೇಲಿನ ಪೆಟ್ಟಿಗೆ. ಗಾಲಿ ಒಂದು ಸುತ್ತು ತಿರುಗಿದಾಗ ಅಯಸ್ಕಾಂತ ಸಂವೇದಕದ ಮುಂದೆ ಒಂದು ಸಲ ಹಾದುಹೋಗುತ್ತದೆ. ಸಂವೇದಕದ ಒಳಗೆ ಒಂದು ಸಣ್ಣ ಗಾಜಿನ ಕೊಳವೆ. ಅದರೊಳಗೆ ಒಂದಕ್ಕೊಂದು ಇನ್ನೇನು ತಾಗುವಂತಿರುವ, ಆದರೆ ತಾಗದ, ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಎರಡು ತೆಳು ಪಟ್ಟಿಗಳು. ಅಯಸ್ಕಾಂತ ಹತ್ತಿರ ಬಂದಾಗ ಅವು ಪರಸ್ಪರ ಸೆಳೆದುಕೊಂಡು ಕೂಡುತ್ತವೆ, ವಿದ್ಯುತ್ ಹರಿಯುತ್ತದೆ. ಅಯಸ್ಕಾಂತ ದೂರ ಸರಿದಾಗ ಬಿಡುತ್ತವೆ. ಇದಕ್ಕೆ ರೀಡ್ ಸ್ವಿಚ್ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ಇದನ್ನು ರೂಪಿಸಿದ್ದು ಸೈಕಲ್ಲಿಗಲ್ಲ, ಟೆಲಿಫೋನ್ ವ್ಯವಸ್ಥೆಗೆ.

ಕೊಳವೆಗೆ ಬೀಗಮುದ್ರೆ ಹಾಕಿರುವುದರಿಂದ ಒಳಗೆ ಧೂಳು ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಸಿಮೆಂಟ್ ಲಾರಿಗಳು ಎಬ್ಬಿಸುವ ಬೂದುಬಣ್ಣದ ಧೂಳಿನ ನಡುವೆ ದಿನವೂ ಸೈಕಲ್ ತುಳಿಯುವವರಿಗೆ ಇದು ದೊಡ್ಡ ಅನುಕೂಲ.

ಪಟ್ಟಿಗಳು ಒಂದು ಸಲ ಕೂಡಿದರೆ ಪೆಟ್ಟಿಗೆಗೆ ಒಂದು ಮಿಡಿತ ತಲುಪುತ್ತದೆ. ಹೊರಜಗತ್ತಿನಿಂದ ಅದಕ್ಕೆ ಬರುವ ಸುದ್ದಿ ಅಷ್ಟೇ. ರಸ್ತೆ ಏರಿದೆಯೋ ಇಳಿದಿದೆಯೋ, ಗಾಲಿ ದೊಡ್ಡದೋ ಚಿಕ್ಕದೋ ಅದು ಅರಿಯದು. ಒಳಗೊಂದು ಗಡಿಯಾರವಿದೆ. ಎಷ್ಟು ಮಿಡಿತ ಬಂತು, ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ಮಿಡಿತಗಳ ಸಂಖ್ಯೆಯನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ದೂರ. ಸುತ್ತಳತೆಯನ್ನು ನಡುವಿನ ಹೊತ್ತಿನಿಂದ ಭಾಗಿಸಿದರೆ ವೇಗ.

ಆ ಸುತ್ತಳತೆಯನ್ನು ಅದಕ್ಕೆ ಹೇಳಿಕೊಡುವವರು ಯಾರು? ಸವಾರರೇ. ಸೇಡಂನ ಮಾರುಕಟ್ಟೆ ಅಂಗಳದಲ್ಲಿ ತೊಗರಿ ಚೀಲಗಳು ಇಳಿಯುವಾಗ ಬಾಗಿಲಲ್ಲಿ ನಿಂತು ಎಣಿಸುವ ಗುಮಾಸ್ತನ ಹಾಗೆ ಈ ಪೆಟ್ಟಿಗೆ. ಅವನ ಎಣಿಕೆಯಲ್ಲಿ ಒಂದು ಚೀಲವೂ ತಪ್ಪುವುದಿಲ್ಲ. ಆದರೆ ಒಂದು ಚೀಲದಲ್ಲಿ ಎಷ್ಟು ಕಿಲೋ ಇದೆ ಎಂದು ಮಾಲೀಕ ತಪ್ಪು ಹೇಳಿದ್ದರೆ, ಒಟ್ಟು ತೂಕವೆಂದು ಅವನು ಬರೆಯುವ ಅಂಕಿ ಅಷ್ಟರಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಸಣ್ಣ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಬ್ರೇಕ್ ಹಾಕಿ ನಿಂತ ಮೇಲೂ ಮೀಟರ್ ಒಂದೆರಡು ಕ್ಷಣ ಹಳೆಯ ವೇಗವನ್ನೇ ತೋರಿಸುತ್ತಿರುತ್ತದೆ, ಆಮೇಲೆ ಸೊನ್ನೆಗೆ ಇಳಿಯುತ್ತದೆ. ಕರಿ ಸೈಕಲ್ಲಿನ ಗಾಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಎರಡೂವರೆ ಸುತ್ತು ಹಾಕುತ್ತದೆ; ಮಿಡಿತಗಳ ನಡುವಿನ ಅಂತರ 0.4 ಸೆಕೆಂಡ್. 5 ಕಿಲೋಮೀಟರ್ ವೇಗಕ್ಕೆ ಇಳಿದರೆ ಅದೇ ಅಂತರ 1.6 ಸೆಕೆಂಡ್ ಆಗುತ್ತದೆ. ಮುಂದಿನ ಮಿಡಿತ ಬಾರದಿದ್ದಾಗ, ಸವಾರ ನಿಂತಿದ್ದಾನೋ ಮೆಲ್ಲಗೆ ಹೊರಟಿದ್ದಾನೋ ಎಂದು ಪೆಟ್ಟಿಗೆಗೆ ಹೇಗೆ ತಿಳಿಯಬೇಕು? ತುಸು ಕಾದು ನೋಡಿಯೇ ಸೊನ್ನೆ ಬರೆಯುತ್ತದೆ.

ಕಲ್ಲುಹರಳಿನಿಂದ ಬಟನ್ ಸೆಲ್‌ವರೆಗೆ

ಗಾಲಿಯ ಸುತ್ತು ಎಣಿಸಿ ದಾರಿ ಅಳೆಯುವ ಯುಕ್ತಿ ಎರಡು ಸಾವಿರ ವರ್ಷ ಹಳೆಯದು. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ವರ್ಣಿಸಿದ ಬಂಡಿಯಲ್ಲಿ ಗಾಲಿ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲಿ. ಆಗ ಹಲ್ಲುಗಾಲಿಗಳ ಜೋಡಣೆಯೊಂದು ಕಂಚಿನ ಪಾತ್ರೆಗೆ ಒಂದು ಹರಳು ಬೀಳಿಸುತ್ತಿತ್ತು. ಊರು ಮುಟ್ಟಿದ ಮೇಲೆ ಹರಳು ಎಣಿಸಿದರಾಯಿತು. ಸೈಕಲ್ ಜನಪ್ರಿಯವಾದಾಗ ಅಮೆರಿಕದ ಕರ್ಟಿಸ್ ವೀಡರ್ 1895ರ ಸುಮಾರಿಗೆ ಇದನ್ನೇ ಹೆಬ್ಬೆರಳಿನಷ್ಟು ಯಂತ್ರಕ್ಕೆ ಇಳಿಸಿದ. ಕಡ್ಡಿಗೆ ಕಟ್ಟಿದ ಮೊಳೆ ಪ್ರತಿ ಸುತ್ತಿಗೂ ನಕ್ಷತ್ರಾಕಾರದ ಹಲ್ಲೊಂದನ್ನು ತಟ್ಟುತ್ತಿತ್ತು, ಅಂಕಿಗಳು ಉರುಳುತ್ತಿದ್ದವು. ಜಪಾನಿನ ಒಸಾಕಾದ ಕ್ಯಾಟ್‌ಐ ಕಂಪನಿ 1981ರಲ್ಲಿ ತನ್ನ ಮೊದಲ ವಿದ್ಯುನ್ಮಾನ ಸೈಕಲ್ ಮೀಟರ್ ತಂದಿತು. ಮೊಳೆಯ ಜಾಗಕ್ಕೆ ಅಯಸ್ಕಾಂತ, ಹಲ್ಲಿನ ಜಾಗಕ್ಕೆ ಮಿಡಿತ ಬಂದವು, ಲೆಕ್ಕ ಬದಲಾಗಲಿಲ್ಲ.

ಗಾಲಿಯ ಅಳತೆಗೆ ಒಂದು ಮಿತಿಯಿದೆ, ಅದು ಭೂಮಾಪಕರಿಗೂ ಗೊತ್ತಿತ್ತು. ಭಾರತದ ಮಹಾ ತ್ರಿಕೋನ ಸರ್ವೆಗಾಗಿ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಚಿಂಚೋಳಿಯ ನೆರೆಯ ಬೀದರ್ ಸೀಮೆಯಲ್ಲಿ ಆಧಾರರೇಖೆ ಅಳೆದಾಗ ಬಳಸಿದ್ದು ಉಕ್ಕಿನ ಸರಪಳಿ. ದಾರಿಗಳ ಉದ್ದ ತಿಳಿಯಲು ಸರ್ವೆಯವರು ಕೈಯಲ್ಲಿ ತಳ್ಳುವ ಎಣಿಕೆ ಗಾಲಿಯನ್ನು ಬಳಸುತ್ತಿದ್ದರು. ನಕ್ಷೆಯ ಬುನಾದಿಗೆ ಅದನ್ನು ನಂಬುತ್ತಿರಲಿಲ್ಲ. ಗಾಲಿ ನೆಲದ ಪ್ರತಿ ಏರಿಳಿತವನ್ನೂ ಸವರಿಕೊಂಡು ಹೋಗುತ್ತದೆ, ಅಡ್ಡಾದಿಡ್ಡಿ ಹೋದರೆ ಅದನ್ನೂ ದೂರಕ್ಕೆ ಸೇರಿಸುತ್ತದೆ. ಸೈಕಲ್ ಸವಾರರಿಗೆ ಇದರಿಂದ ತೊಂದರೆಯಿಲ್ಲ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲೂ ಒಂದು ಕಿಲೋಮೀಟರಿಗೆ ಹೆಚ್ಚುವುದು ಒಂದೂಕಾಲು ಮೀಟರ್ ಮಾತ್ರ.

ಟೈರಿನ ಮೇಲೆ ಬರೆದಿರುವ ಗುಟ್ಟು

ಈಗ ಗೆಳೆಯರ ಜಗಳಕ್ಕೆ ಬರೋಣ. ಹೊಸ ಮೀಟರಿನಲ್ಲಿ ಕಾರ್ಖಾನೆಯಿಂದಲೇ ಒಂದು ಸುತ್ತಳತೆ ತುಂಬಿರುತ್ತದೆ. ಹಲವು ಮಾದರಿಗಳಲ್ಲಿ ಅದು 2,096 ಮಿಲಿಮೀಟರ್. ತೆಳು ಟೈರಿನ ರೇಸ್ ಸೈಕಲ್ಲಿನ ಗಾಲಿಗೆ ಅದು ಸರಿ. ಕರಿ ಸೈಕಲ್ಲಿನ ದೊಡ್ಡ ಗಾಲಿಯ ಸುತ್ತಳತೆ 2,245ರ ಆಸುಪಾಸು. ಪ್ರತಿ ಸುತ್ತಿಗೂ ಮೀಟರ್ ಸುಮಾರು 15 ಸೆಂಟಿಮೀಟರ್ ನುಂಗಿತು. ಕಿಲೋಮೀಟರಿಗೆ 445 ಸುತ್ತಿನಂತೆ 50 ಕಿಲೋಮೀಟರಿನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಕಾಣೆಯಾಯಿತು. ಗೇರ್ ಸೈಕಲ್ಲಿನ 26 ಇಂಚಿನ ಗಾಲಿ 2,050 ಮಿಲಿಮೀಟರ್. ಅಲ್ಲಿ ಮೀಟರ್ ಪ್ರತಿ ಸುತ್ತಿಗೂ ಐದು ಸೆಂಟಿಮೀಟರಿನಷ್ಟು ಹೆಚ್ಚು ಬರೆದುಕೊಂಡಿತು. ಒಂದೇ ತಪ್ಪು ಅಂಕಿ ಒಬ್ಬನಿಗೆ ದೂರ ಕಡಿಮೆ ಮಾಡಿತು, ಇನ್ನೊಬ್ಬನಿಗೆ ಹೆಚ್ಚಿಸಿತು.

‘ನಂದು 28 ಇಂಚಿನ ಸೈಕಲ್’ ಎಂದರೆ ಸಾಕಾಗುವುದಿಲ್ಲವೇ? ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 28 ಎಂದು ಕರೆಸಿಕೊಳ್ಳುವ ಗಾಲಿಗಳು ಒಂದಕ್ಕಿಂತ ಹೆಚ್ಚು ಅಳತೆಯವು. 26 ಎನ್ನುವುವೂ ಹಾಗೆಯೇ. ಟೈರಿನ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಇಂಚಿನ ಅಳತೆಯ ಹತ್ತಿರವೇ 40-635 ಎಂಬಂಥ ಇನ್ನೊಂದು ಜೋಡಿ ಅಂಕಿ ಕಾಣುತ್ತದೆ. ಮೊದಲನೆಯದು ಟೈರಿನ ದಪ್ಪ, ಎರಡನೆಯದು ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಕರಿ ಸೈಕಲ್ಲಿನದು 40-635. ಅದೇ 28ರ ಹೆಸರಿನ ಇನ್ನೊಂದು ಬಗೆಯ ರಿಮ್ 622. ಹಳೆಯ ಲೇಡೀಸ್ ಸೈಕಲ್ಲಿನ 26 ಇಂಚು 590. ಗುಡ್ಡಗಾಡಿನ ಸೈಕಲ್ಲಿನ 26 ಇಂಚು 559. ರಿಮ್ಮಿನ ವ್ಯಾಸಕ್ಕೆ ದಪ್ಪದ ಎರಡು ಪಟ್ಟು ಕೂಡಿಸಿ 3.14ರಿಂದ ಗುಣಿಸಿದರೆ ಸುತ್ತಳತೆ ಹತ್ತಿರ ಹತ್ತಿರ ಸಿಕ್ಕಿತು. 635ಕ್ಕೆ 80 ಕೂಡಿಸಿದರೆ 715, ಗುಣಿಸಿದರೆ 2,245.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ವೃತ್ತದ ಸುತ್ತಳತೆಯ ಪಾಠ ಎದುರಾಗುವುದೂ ಆ ವಯಸ್ಸಿನ ಆಸುಪಾಸಿನಲ್ಲೇ. ಚಿತ್ತಾಪುರದ ಯಾವುದೇ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್‌ಗಳಿಗಿಂತ ಒಳ್ಳೆಯ ಗಣಿತ ಸಾಮಗ್ರಿ ಬೇರೆ ಬೇಕಿಲ್ಲ.

ಫರ್ಸಿಯ ಮೇಲೆ ಒಂದು ಸುತ್ತು

ಲೆಕ್ಕ ಮಾಡುವುದಕ್ಕಿಂತ ಅಳೆಯುವುದು ಮೇಲು, ಏಕೆಂದರೆ ಸವಾರ ಕುಳಿತಾಗ ಟೈರ್ ನೆಲಕ್ಕೆ ತುಸು ಚಪ್ಪಟೆಯಾಗುತ್ತದೆ. ಅಚ್ಚಿನಿಂದ ನೆಲಕ್ಕಿರುವ ಅಂತರ ಐದು ಮಿಲಿಮೀಟರ್ ಕುಗ್ಗಿದರೆ ಸುತ್ತಳತೆ 31 ಮಿಲಿಮೀಟರ್ ಕಡಿಮೆಯಾಗುತ್ತದೆ. ಕರಿ ಸೈಕಲ್ಲಿಗೆ ಅದು ನೂರಕ್ಕೆ ಸುಮಾರು 1.4. ಹವಾ ಕಡಿಮೆಯಾದ ಗಾಲಿ ಇದಕ್ಕೂ ಹೆಚ್ಚು ಕುಗ್ಗೀತು.

ಈ ಅಳತೆಗೆ ಶಹಾಬಾದ್ ಸೀಮೆಯ ಮನೆಗಳಷ್ಟು ಅನುಕೂಲದ ಜಾಗ ಮತ್ತೆಲ್ಲಿ? ಇಲ್ಲಿನ ಗಣಿಗಳಿಂದ ಹೊರಟ ಸುಣ್ಣಕಲ್ಲಿನ ಫರ್ಸಿ ದೂರದೂರದ ಊರುಗಳ ಅಂಗಳಕ್ಕೆ ಹೋಗಿ ಕುಳಿತಿದೆ. ತವರಿನ ಅಂಗಳಗಳಂತೂ ಅದರಿಂದಲೇ ಆದವು. ಸಮತಟ್ಟಾದ ಫರ್ಸಿಯ ಮೇಲೆ ಸೈಕಲ್ ನಿಲ್ಲಿಸಿ, ಹವಾ ಪೂರ್ತಿ ತುಂಬಿಸಿ, ಮುಂದಿನ ಗಾಲಿಯ ವಾಲ್ ನೆಟ್ಟಗೆ ಕೆಳಗೆ ಬರುವಂತೆ ಇಟ್ಟು, ಅದರ ನೇರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಸವಾರ ಮೇಲೆ ಕೂರಬೇಕು, ಇನ್ನೊಬ್ಬರು ಹಿಡಿದು ನೇರವಾಗಿ ಮುಂದೆ ನಡೆಸಬೇಕು. ವಾಲ್ ಮೂರು ಸಲ ಕೆಳಗೆ ಬಂದಾಗ ಇನ್ನೊಂದು ಗೆರೆ. ನಡುವಿನ ಉದ್ದವನ್ನು ಟೇಪಿನಿಂದ ಅಳೆದು ಮೂರರಿಂದ ಭಾಗಿಸಿದರೆ ಆ ಸೈಕಲ್ಲಿನ, ಆ ಸವಾರನ ನಿಜವಾದ ಅಂಕಿ ಸಿಗುತ್ತದೆ. ಒಂದೇ ಸುತ್ತು ಅಳೆದರೆ ಗೆರೆ ಎಳೆಯುವಲ್ಲಿ ಆದ ತಪ್ಪು ಪೂರ್ತಿ ಉಳಿಯುತ್ತದೆ. ಮೂರು ಸುತ್ತಿನಲ್ಲಿ ಅದು ಮೂರಕ್ಕೆ ಹಂಚಿಹೋಗುತ್ತದೆ.

ಟೇಪು ಇಲ್ಲದವರಿಗೆ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳಿವೆ. ದೊಡ್ಡ ರಸ್ತೆಗಳಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳೂ ಇರುತ್ತವೆ. ಕಲ್ಲುಗಳ ಪ್ರಕಾರ 5 ಕಿಲೋಮೀಟರ್ ಆದಾಗ ಮೀಟರ್ 4.67 ತೋರಿಸಿದರೆ, ತುಂಬಿದ್ದ 2,096ನ್ನು 5ರಿಂದ ಗುಣಿಸಿ 4.67ರಿಂದ ಭಾಗಿಸಬೇಕು. ಬರುವುದು 2,244. ಟೈರಿನ ಅಂಕಿಗಳಿಂದ ಮಾಡಿದ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ. ರಸ್ತೆ ಅಗಲ ಮಾಡುವಾಗ ಕಲ್ಲು ಕಿತ್ತು ಬೇರೆಡೆ ನೆಟ್ಟಿರಬಹುದು. ಹಾಗಾಗಿ ಒಂದೇ ಕಿಲೋಮೀಟರಿಗೆ ತೃಪ್ತಿಪಡದೆ ನಾಲ್ಕೈದು ನೋಡುವುದು ಒಳ್ಳೆಯದು.

ತಂತಿಯದೋ, ತಂತಿಯಿಲ್ಲದ್ದೋ

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋಗಬಹುದು. ವೇಗ, ಈ ಸವಾರಿಯ ದೂರ, ಒಟ್ಟು ದೂರ, ಹೊತ್ತು ಇವು ನಾಲ್ಕಿದ್ದರೆ ದಿನದ ಬಳಕೆಗೆ ಸಾಕು. ಖಾತ್ರಿಪಡಿಸಿಕೊಳ್ಳಬೇಕಾದದ್ದು ಒಂದಿದೆ: ಸುತ್ತಳತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ತುಂಬಲು ಬರಬೇಕು. 26, 28 ಎಂಬ ಪಟ್ಟಿಯಿಂದ ಆರಿಸಲು ಮಾತ್ರ ಬಿಡುವ ಮೀಟರನ್ನು, ಅದರಲ್ಲಿ ಬೇರೆ ಇಪ್ಪತ್ತು ಸೌಲಭ್ಯಗಳಿದ್ದರೂ, ಕೊಳ್ಳದಿರುವುದೇ ವಾಸಿ.

ಸಂವೇದಕದಿಂದ ಪೆಟ್ಟಿಗೆಗೆ ಮಿಡಿತ ತಲುಪಿಸಲು ಎರಡು ದಾರಿ: ತಂತಿ ಅಥವಾ ರೇಡಿಯೋ ಅಲೆ. ತಂತಿಯಿಲ್ಲದ್ದು ನೋಡಲು ಚೆಂದ. ಆದರೆ ಅಗ್ಗದ ಮಾದರಿಗಳ ಅಲೆ ಬಹಳ ದುರ್ಬಲ, ಅದರ ವ್ಯಾಪ್ತಿ ಮುಕ್ಕಾಲು ಮೀಟರಿನ ಒಳಗೆ. ಹೊರಗಿನ ವಿದ್ಯುತ್ ಗದ್ದಲವನ್ನೂ ಪೆಟ್ಟಿಗೆ ಮಿಡಿತವೆಂದು ಎಣಿಸಿಬಿಡುತ್ತದೆ. ರೈಲ್ವೆ ಗೇಟು, ಹಳಿಗಳ ಪಕ್ಕ, ಮೋಟಾರುಗಳ ಬಳಿ ಅಂಕಿ ತಪ್ಪಬಹುದೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಮುಂಬೈ-ಚೆನ್ನೈ ಮಾರ್ಗವೂ ಸಿಕಂದರಾಬಾದ್ ಮಾರ್ಗವೂ ಕೂಡುವ ವಾಡಿ ಜಂಕ್ಷನ್ನಿನಲ್ಲಿ ತಲೆಯ ಮೇಲೆ 25,000 ವೋಲ್ಟಿನ ತಂತಿ, ಊರಿನ ಪಕ್ಕದಲ್ಲೇ ಸಿಮೆಂಟ್ ಕಾರ್ಖಾನೆ. ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ ತುಳಿದವನ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್ ಎಂದು ಮೀಟರ್ ತೋರಿಸಿದರೆ ಅದು ಇಂಥ ಗದ್ದಲದ ಫಲ. ಈ ಭಾಗದವರಿಗೆ ತಂತಿಯ ಮೀಟರೇ ಸರಿಯಾದ ಆಯ್ಕೆ. ಬೆಲೆಯೂ ಕಡಿಮೆ, ಸಂವೇದಕಕ್ಕೆ ಬೇರೆ ಸೆಲ್ ಬೇಕಿಲ್ಲ.

ಕರಿ ಸೈಕಲ್ಲಿಗೆ ಕೂಡಿಸುವಾಗ ಎರಡು ಮಾತು ನೆನಪಿರಲಿ. ಬ್ರೇಕಿನ ಸರಳುಗಳು ಹ್ಯಾಂಡಲ್ ಕೆಳಗೇ ಓಡುವುದರಿಂದ ಪೆಟ್ಟಿಗೆಯ ಪಟ್ಟಿ ಅವಕ್ಕೆ ತಾಗದಂತೆ ನಡುವಿಗೆ ಹತ್ತಿರ ಬರಬೇಕು. ಫೋರ್ಕಿನಿಂದ ಅಲ್ಲಿಗೆ ತಂತಿ ಸಾಲುತ್ತದೆಯೇ ಎಂದು ಕೊಳ್ಳುವ ಮೊದಲೇ ದಾರ ಹಿಡಿದು ನೋಡಬೇಕು. ಇನ್ನೊಂದು, ಅಯಸ್ಕಾಂತಕ್ಕೂ ಸಂವೇದಕಕ್ಕೂ ನಡುವೆ ಐದು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಸಂದು ದೊಡ್ಡದಾದರೆ ಎರಡನ್ನೂ ಗಾಲಿಯ ನಡುವಿನ ಕಡೆಗೆ ಸರಿಸಿದರಾಯಿತು. ಕಡ್ಡಿಗಳು ಅಲ್ಲಿ ಹೊರಕ್ಕೆ ಚಾಚಿ ಫೋರ್ಕಿಗೆ ಹತ್ತಿರವಾಗುತ್ತವೆ. ಒಳಗೆ ಕಟ್ಟಿದರೆ ವೇಗ ಕಡಿಮೆ ತೋರಿಸೀತು ಎಂಬ ಅಂಜಿಕೆ ಹಲವರಿಗಿದೆ. ಅಯಸ್ಕಾಂತ ಅಂಚಿನಲ್ಲಿರಲಿ, ನಡುವೆ ಇರಲಿ, ಸುತ್ತಿಗೆ ಒಂದೇ ಸಲ ಹಾದುಹೋಗುವುದು.

ಬಿಸಿಲು ಮತ್ತು ಎರೆ ಮಣ್ಣು

ಕಲಬುರಗಿ ಜಿಲ್ಲೆಯ ಬೇಸಿಗೆ 42 ಡಿಗ್ರಿ ದಾಟುವುದು ಹೊಸದೇನಲ್ಲ. ಮೀಟರಿನ ಪರದೆಯಲ್ಲಿರುವುದು ದ್ರವಸ್ಫಟಿಕ. ಅತಿಯಾಗಿ ಕಾದರೆ ಅದರ ಅಣುಗಳ ಶಿಸ್ತು ಕೆಟ್ಟು ಪರದೆ ಕಪ್ಪಾಗುತ್ತದೆ, ಅಂಕಿ ಕಾಣುವುದಿಲ್ಲ. ತಣ್ಣಗಾದರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಆದರೆ ಹೆಚ್ಚಿನ ಮೀಟರುಗಳ ತಯಾರಕರು ಹೇಳುವ ಮಿತಿ 40ರಿಂದ 50 ಡಿಗ್ರಿ, ಮತ್ತು ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಕಪ್ಪು ಪ್ಲಾಸ್ಟಿಕ್ ಗಾಳಿಗಿಂತ ಹೆಚ್ಚು ಕಾಯುತ್ತದೆ. ಪೆಟ್ಟಿಗೆ ಸುಲಭವಾಗಿ ಕಳಚಿ ಕಿಸೆಗೆ ಹಾಕಿಕೊಳ್ಳುವಂತಿರಬೇಕೆಂಬುದಕ್ಕೆ ಕಳ್ಳರ ಭಯದಷ್ಟೇ ಇದೂ ಕಾರಣ. ಕಳಚಿದಾಗ ಕಾಣುವ ಲೋಹದ ಚುಕ್ಕೆಗಳ ಮೂಲಕವೇ ಮಿಡಿತ ಒಳಬರುವುದು. ಬೆವರು, ಸಿಮೆಂಟಿನ ಧೂಳು ಸೇರಿ ಅಲ್ಲಿ ಪದರು ಕಟ್ಟಿದರೆ ವೇಗ ಆಗಾಗ ಸೊನ್ನೆಗೆ ಬೀಳುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ.

ಮಳೆಗಾಲದ ತೊಂದರೆ ಬೇರೆ. ಎರೆ ಹೊಲದ ದಾರಿಗೆ ಇಳಿದರೆ ಮಣ್ಣು ಗಾಲಿಗೆ ಅಂಟಿ, ಮಡ್‌ಗಾರ್ಡಿನಲ್ಲಿ ಗಟ್ಟಿಯಾಗಿ, ಸಂವೇದಕವನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಮೀಟರ್ ಸತ್ತಿತೆಂದು ಅಂಗಡಿಗೆ ಒಯ್ಯುವ ಮೊದಲು ಮಣ್ಣು ತೊಳೆದು, ಅಯಸ್ಕಾಂತ ಮತ್ತು ಸಂವೇದಕ ಎದುರುಬದುರಾಗಿವೆಯೇ ಎಂದು ನೋಡಬೇಕು.

ಸರಾಸರಿಯಲ್ಲಿ ಸೇರದ ಚಹಾ

ಗಾಲಿ ನಿಂತಾಗ ಹೆಚ್ಚಿನ ಮೀಟರುಗಳ ಹೊತ್ತಿನ ಲೆಕ್ಕವೂ ನಿಲ್ಲುತ್ತದೆ. ಎರಡೂವರೆ ಗಂಟೆ ತುಳಿದು 50 ಕಿಲೋಮೀಟರ್ ಹೋದವರ ಸರಾಸರಿ 20 ಎಂದು ಅದು ಹೇಳುತ್ತದೆ. ನಡುವೆ ಚಹಾ, ನೆರಳು ಎಂದು 50 ನಿಮಿಷ ಕಳೆದಿದ್ದರೆ ನಿಜವಾದ ಪಯಣದ ಸರಾಸರಿ 15. ದೂರದ ಸವಾರಿಗೆ ಹೊಸಬರಾದವರು ಎಷ್ಟು ಹೊತ್ತಿಗೆ ಮುಟ್ಟುತ್ತೇವೆಂದು ಮೊದಲ ಅಂಕಿಯಿಂದ ಲೆಕ್ಕ ಹಾಕಿ ಕತ್ತಲಾಗಿಸಿಕೊಳ್ಳುತ್ತಾರೆ. ಬ್ರೆವೆ ಎಂಬ ದೂರದ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಕೊಡುವ ಅವಧಿ 13 ಗಂಟೆ 30 ನಿಮಿಷ. ಗಡಿಯಾರ ಯಾರಿಗೂ ನಿಲ್ಲುವುದಿಲ್ಲ. ಮೀಟರಿನಲ್ಲಿ 18ರ ಸರಾಸರಿ ಕಾಯ್ದುಕೊಂಡವರಿಗೆ ಊಟ, ಪಂಚರು, ವಿಶ್ರಾಂತಿ ಎಲ್ಲ ಸೇರಿ ಎರಡು ಗಂಟೆ 20 ನಿಮಿಷದಷ್ಟು ಉಳಿಯುತ್ತದೆ.

ಫೋನು ಇರುವಾಗ ಇದೆಲ್ಲ ಏಕೆ?

ಫೋನಿನ ಜಿಪಿಎಸ್‌ಗೆ ಸುತ್ತಳತೆ ಹೇಳಿಕೊಡಬೇಕಿಲ್ಲ. ಅದು ಉಪಗ್ರಹಗಳ ನೆರವಿನಿಂದ ಸವಾರರಿರುವ ಜಾಗವನ್ನು ಚುಕ್ಕೆಗಳಾಗಿ ಗುರುತಿಸಿ, ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೆದು ದೂರ ಕೂಡಿಸುತ್ತದೆ. ತೊಗರಿ ಹೊಲಗಳ ನಡುವಿನ ನೇರ ರಸ್ತೆಗೆ ಇದು ಚೆನ್ನಾಗಿ ಹೊಂದುತ್ತದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿನ ಕಡೆ, ಚಂದ್ರಂಪಳ್ಳಿ ಜಲಾಶಯದ ಸುತ್ತಿನ ತಿರುವುಗಳಲ್ಲಿ ಅದೇ ಗೆರೆ ಮೂಲೆಗಳನ್ನು ಕತ್ತರಿಸಬಹುದು. ಮರಗಳ ಕೆಳಗೆ ಚುಕ್ಕೆಗಳು ಕೆಲವು ಮೀಟರ್ ಆಚೀಚೆ ಸರಿಯುತ್ತವೆ. ಪರದೆ ಸದಾ ಬೆಳಗಿದ ಫೋನು ಮಧ್ಯಾಹ್ನದೊಳಗೆ ಬರಿದಾಗುತ್ತದೆ, ಬಿಸಿಲಿಗೆ ಕಾದು ತಾನಾಗಿ ಆರುವುದೂ ಉಂಟು. ಗಾಲಿಯ ಮೀಟರ್ ನಡೆಯುವುದು 3 ವೋಲ್ಟಿನ ಒಂದು ಬಟನ್ ಸೆಲ್ ಮೇಲೆ. ಸಿಆರ್2032 ಎಂಬ ಅದರ ಹೆಸರಿನಲ್ಲೇ ಅಳತೆಯಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಾಮಾನ್ಯ ಬಳಕೆಗೆ ಅದು ವರ್ಷದ ಆಸುಪಾಸು ಬರುತ್ತದೆ.

ಸೆಲ್ ತೆಗೆದೊಡನೆ ಹಲವು ಅಗ್ಗದ ಮೀಟರುಗಳು ಒಟ್ಟು ದೂರವನ್ನೂ ಸುತ್ತಳತೆಯನ್ನೂ ಮರೆತು ಮತ್ತೆ 2,096ಕ್ಕೆ ಮರಳುತ್ತವೆ. ಆದ್ದರಿಂದ ಸೆಲ್ ಬದಲಿಸುವ ಮೊದಲು ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಸುತ್ತಳತೆಯನ್ನು ಸೀಟಿನ ಅಡಿಯಲ್ಲಿ ಅಳಿಸದ ಶಾಯಿಯಿಂದ ಬರೆದರೆ ಸೈಕಲ್ ಯಾರ ಕೈಗೆ ಹೋದರೂ ಅಂಕಿ ಜೊತೆಗೇ ಹೋಗುತ್ತದೆ. ಟೈರ್ ಬದಲಿಸಿದ ದಿನ ಅದನ್ನು ಹೊಡೆದುಹಾಕಿ, ಮತ್ತೊಮ್ಮೆ ಅಳೆದು, ಹೊಸದನ್ನು ಪಕ್ಕದಲ್ಲಿ ಬರೆಯಬೇಕು.